ಎಂಟು ದಿನದೊಳಗೆ

ರಬಕವಿಯ ನಮ್ಮ ಮನೆಯಲ್ಲಿ ಇಂಗ್ಲಿಷ್ ಪಾಠ ಶುರುವಾಗುತ್ತಿದ್ದದ್ದು ಕರೆಂಟ್ ಹೋದಾಗ. ಕರೆಂಟ್ ಇದ್ದಷ್ಟು ಹೊತ್ತು ಅಣ್ಣನ ನಾಲ್ಕು ಪವರ್‌ಲೂಮುಗಳು ಖಟಾಖಟ್ ಖಟಾಖಟ್ ಅಂತ ಬಡಿದುಕೊಳ್ಳುತ್ತಿದ್ದವು. ಪಕ್ಕದಲ್ಲಿ ಕೂತವರು ಏನಂದರೂ ತುಟಿ ನೋಡಿಯೇ ತಿಳಿಯಬೇಕು. ನಮ್ಮ ಓಣಿಯವರ ದನಿ ಇವತ್ತಿಗೂ ದೊಡ್ಡದು. ಊಟಕ್ಕೆ ಕರೆದರೂ ಪರವೂರಿನವರು ಜಗಳ ಅಂದುಕೊಳ್ಳುತ್ತಾರೆ. ಕರೆಂಟ್ ಹೋಯಿತೋ, ಇಡೀ ಓಣಿ ಒಮ್ಮೆಲೇ ಸುಮ್ಮನಾಗುತ್ತಿತ್ತು. ಆಗ ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ, ಅಪ್ಪ ನೆಲದ ಗುಂಡಿಯಲ್ಲಿ ಕಾಲಿಳಿಸಿ ನೇಯುವ ಕುಣಿಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವ ರಾಟಿಯನ್ನು ಬಾಗಿಲ ಬೆಳಕಿಗೆ ಎಳೆದುಕೊಂಡು ಕೂಗುತ್ತಿದ್ದಳು: “ಅಕ್ಕೋರ, ಬರ್ರಿ! ಗಂಟಿ ಹೊಡೀತು!”

ಅಕ್ಕೋರು ಅಂದರೆ ನಮ್ಮ ಕಡೆ ಶಾಲೆಯ ಟೀಚರು. ಆ ಅಕ್ಕೋರು ನಾನೇ. ಜಮಖಂಡಿಯ ಕಾಲೇಜಿನಲ್ಲಿ ಬಿ.ಎ. ಎರಡನೇ ವರ್ಷ, ಇಂಗ್ಲಿಷ್ ಐಚ್ಛಿಕ. ಓಣಿಯಲ್ಲಿ ಇಂಗ್ಲಿಷ್ ಪೇಪರು ಓದುವ ಹುಡುಗಿ ನಾನೊಬ್ಬಳೇ ಎಂಬ ಸೊಕ್ಕು ಆಗ ನನಗೆ ಚೆನ್ನಾಗಿಯೇ ಇತ್ತು. ಬಾಗಲಕೋಟೆ ಬೇರೆ ಜಿಲ್ಲೆಯಾಗಿ ಮೂರು ವರ್ಷವಾಗಿದ್ದರೂ ಜನ ವಿಳಾಸಕ್ಕೆ ಬಿಜಾಪುರ ಜಿಲ್ಲೆ ಅಂತಲೇ ಬರೆಯುತ್ತಿದ್ದ ಕಾಲ ಅದು.

ವೈನಿ ನನಗಿಂತ ಎರಡೇ ವರ್ಷ ದೊಡ್ಡವಳು. ತವರು ಮುಧೋಳದ ಕಡೆ. ಎಸ್ಸೆಸ್ಸೆಲ್ಸಿಯಲ್ಲಿ ಎಲ್ಲ ವಿಷಯವೂ ಪಾಸು, ಇಂಗ್ಲಿಷ್ ಒಂದು ನಾಪಾಸು. ಆ ಒಂದನ್ನು ಮತ್ತೆ ಕಟ್ಟುವುದರೊಳಗೆ ಮದುವೆ ಆಗಿಹೋಯಿತು. ನಮ್ಮ ಓಣಿಯ ಅಂಗನವಾಡಿ ನಡೆಸುತ್ತಿದ್ದ ಬಾಯಾರು ಮರುವರ್ಷ ನಿವೃತ್ತರಾಗುವವರಿದ್ದರು, ಆ ಜಾಗಕ್ಕೆ ಹತ್ತನೇತ್ತೆ ಪಾಸಾದ ಓಣಿಯ ಸೊಸೆಯೇ ಬೇಕಿತ್ತು. ವೈನಿ ಒಂದು ದಿನ ರಾಟಿ ನಿಲ್ಲಿಸಿ ನನ್ನ ಕೈ ಹಿಡಿದುಕೊಂಡಳು. “ನನಗ ಸಣ್ಣ ಹುಡುಗರ ಜೋಡಿ ಇರೂದಂದ್ರ ಭಾಳ ಸೇರ್ತೈತಿ. ಇಂಗ್ಲಿಷ್ ಒಂದ ದಾಟಿಸಿಬಿಡು. ಸಾಯೂತನಕ ನೆನಸ್ತೇನಿ.” ನಾನು ದಾಟಿಸುತ್ತೇನೆ ಅಂದೆ. ಹೊಳೆ ದಾಟಿಸುವ ಅಂಬಿಗ ನಾನೇ ಅನ್ನುವ ಹಾಗೆ ಅಂದೆ.

ಉಳಿದದ್ದೆಲ್ಲ ಅವಳಿಗೆ ಬೇಗ ಬಂತು. ಕಾಡಿದ್ದು ಹೊತ್ತು ಹೇಳುವ ಸಣ್ಣ ಸಣ್ಣ ಶಬ್ದಗಳು. ಆ್ಯಟ್, ಆನ್, ಇನ್. ನಮ್ಮ ಕನ್ನಡಕ್ಕೆ ಆ ತಾಪತ್ರಯವೇ ಇಲ್ಲ ನೋಡಿ. ಐದಕ್ಕೆ ಬಾ, ಸೋಮವಾರಕ್ಕೆ ಬಾ, ಶ್ರಾವಣಕ್ಕೆ ಬಾ: ಒಂದು ‘ಕ್ಕೆ’ಯಲ್ಲಿ ಎಲ್ಲರ ಮನೆಯ ಕೆಲಸವೂ ಮುಗಿಯುತ್ತದೆ. ಇಂಗ್ಲಿಷಿನವರಿಗೆ ಗಂಟೆಗೊಂದು, ದಿನಕ್ಕೊಂದು, ತಿಂಗಳಿಗೊಂದು ಬೇಕು. ನಾನು ಕಾಲೇಜಿನಲ್ಲಿ ಕಲಿತ ಪಟ್ಟಿಯನ್ನೇ ಒಪ್ಪಿಸಿದೆ: ಗಡಿಯಾರದ ಹೊತ್ತಿಗೆ ಆ್ಯಟ್, ವಾರ-ತಾರೀಖಿಗೆ ಆನ್, ತಿಂಗಳು-ವರ್ಷಕ್ಕೆ ಇನ್. ಅವಳು ಬಾಯಿಪಾಠ ಮಾಡಿದಳು, ಮರುದಿನ ಎಲ್ಲ ಕಲಸಿಬಿಟ್ಟಳು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. “ಕೋಣನ ಮುಂದ ಕಿನ್ನರಿ ಬಾರಿಸಿದಂಗ ಆತು” ಅಂತ ಪುಸ್ತಕ ಬಿಸಾಡಿದೆ.

ಅವಳು ಪುಸ್ತಕ ಎತ್ತಿ ಧೂಳು ಒರೆಸಿದಳು. “ಕೋಣಕ್ಕ ಮಗ್ಗದ ಭಾಷಾದಾಗ ಹೇಳ್ರಿ ಅಕ್ಕೋರ” ಅಂದಳು. ಆಮೇಲೆ ತಾನೇ ಹೇಳಿದಳು. ಲಾಳಿ ಈ ಕಡೆಯಿಂದ ಆ ಕಡೆಗೆ ಹೋಗಿ, ನೂಲು ಒತ್ತುವ ಹಣಿಗೆ ಒಮ್ಮೆ ಬಡಿಯುತ್ತದಲ್ಲ, ಆ ಒಂದು ಏಟು ಆ್ಯಟ್. ಒಂದು ದಿನ ಕೂತು ನೇಯ್ದ ಒಂದು ಗಜ ಬಟ್ಟೆ ಆನ್. ಸೆರಗು-ಒಡಲು ಎಲ್ಲ ಸೇರಿದ ಇಡೀ ಸೀರೆ ಇನ್. ಅಂದಿನಿಂದ ಅವಳು ಆ ಮೂರರಲ್ಲಿ ತಪ್ಪಲಿಲ್ಲ. ಈಗ ನಾನು ಮುಧೋಳದ ಕಾಲೇಜಿನಲ್ಲಿ ಪಾಠ ಮಾಡುವಾಗಲೂ ಇದನ್ನೇ ಹೇಳುತ್ತೇನೆ. ಹುಡುಗರು ಮೇಡಂ ಎಷ್ಟು ಛಲೋ ಹೇಳ್ತಾರ ಅನ್ನುತ್ತಾರೆ, ನಾನು ಆ ಹೊಗಳಿಕೆಯನ್ನು ಕಿಸೆಗೆ ಹಾಕಿಕೊಳ್ಳುತ್ತೇನೆ.

ಅವಳ ಪ್ರಶ್ನೆಗಳೂ ಹಾಗೇ. ಮುಂಜಾನೆ, ಮಧ್ಯಾಹ್ನ, ಸಂಜೆಗೆಲ್ಲ ಇನ್ ಹಚ್ಚಿ ರಾತ್ರಿಗೆ ಮಾತ್ರ ಆ್ಯಟ್ ಯಾಕೆ ಅಂತ ಕೇಳಿದಳು. ನಮ್ಮ ಪ್ರೊಫೆಸರರಿಗೂ ಗೊತ್ತಿರಲಿಲ್ಲ. “ಅದು ಹಂಗ ಐತಿ, ಸುಮ್ನ ಕಲಿ” ಅಂದೆ. ಅವಳು ಒಂದು ಕಂಡಿಕೆ ಸುತ್ತಿ ಮುಗಿಸುವಷ್ಟು ಹೊತ್ತು ಯೋಚಿಸಿ ಹೇಳಿದಳು: “ನನಗ ತಿಳೀತು. ಹಗಲಂದ್ರ ಒಳಗ ಹೊಕ್ಕು ದುಡೀಬೇಕು, ಅದಕ್ಕ ಇನ್. ರಾತ್ರಿಗೇನೈತಿ? ಕಣ್ಣ ಮುಚ್ಚಿ ಕಣ್ಣ ತಗದ್ರ ಮುಗೀತು, ಒಂದ ಏಟು.” ಇನ್ನೊಂದು ದಿನ, ಬರೀ ಮುಂಜಾನೆಗೆ ಇನ್ ಆದರೆ ಸೋಮವಾರ ಮುಂಜಾನೆಗೆ ಆನ್ ಆಗುವುದೇಕೆ ಅಂತ ನಾನೇ ಕೇಳಿದೆ, ಸಿಕ್ಕಿಬೀಳಲಿ ಅಂತ. ಅವಳು ಒಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವನ ಕಡೆ ಕಣ್ಣು ಮಾಡಿ ಪಿಸುಗುಟ್ಟಿದಳು: “ದೊಡ್ಡವರು ಮನ್ಯಾಗಿದ್ರ ಸಣ್ಣವರ ಮಾತು ನಡೀತೈತೇನ? ಸ್ವಾಮಾರ ಅತ್ತಿ, ಮುಂಜಾನಿ ಸೊಸಿ.” ಇಬ್ಬರೂ ಬಾಯಿಗೆ ಸೆರಗು ಹಿಡಿದು ನಕ್ಕೆವು. “ಏನ ಬೇ ಅದು, ಇಂಗ್ಲಿಷ್‌ದಾಗ ನಗಿನೂ ಇರ್ತೈತೇನ?” ಅಂತ ಅವ್ವ ಒಳಗಿನಿಂದ ಗದರಿಸಿದಳು.

ತೇರದಾಳದಿಂದ ಬರುತ್ತಿದ್ದ ನಮ್ಮ ಬಸ್ಸಿನಿಂದ ಆನ್ ಟೈಮ್, ಇನ್ ಟೈಮ್ ಕಲಿಸಿದೆ. ಆ ಬಸ್ಸು ಹೇಳಿದ ಹೊತ್ತಿಗೆ ಬಂದದ್ದು ನನ್ನ ಮೂರು ವರ್ಷದ ಕಾಲೇಜಿನಲ್ಲಿ ಇಲ್ಲವೇ ಇಲ್ಲ, ಆದ್ದರಿಂದ ಆನ್ ಟೈಮ್ ಅಲ್ಲ. ಆದರೂ ಡ್ರೈವರಣ್ಣ ಹೊಡೆದ ಓಟಕ್ಕೆ ಹಾಜರಿ ಕೂಗುವ ಮೊದಲು ಹೇಗೋ ಮುಟ್ಟುತ್ತಿದ್ದೆವು, ಅದು ಇನ್ ಟೈಮ್. ಬೈ ಮತ್ತು ಅನ್‌ಟಿಲ್‌ಗೆ ಮಾತ್ರ ಎರಡು ವಾರ ಹಿಡಿಯಿತು. ಕೊನೆಗೆ ಅದನ್ನೂ ವೈನಿಯೇ ಬಿಡಿಸಿದಳು. ನಮಗೆ ನೇಯಲು ಕೊಡುವ ಸಾವಕಾರರು ಸೋಮವಾರ ನೂಲು ಕೊಟ್ಟು, ಬರುವ ಸೋಮವಾರದೊಳಗೆ ಸೀರೆ ಮಗ್ಗದಿಂದ ಕೊಯ್ದು ತಂದುಕೊಡಿ ಅನ್ನುತ್ತಾರೆ, ಅದು ಬೈ. ಅಲ್ಲಿಯತನಕ ಬೆನ್ನು ನೋಯಿಸಿಕೊಂಡು ಕುಣಿಯಲ್ಲಿ ಕೂತಿರುವುದು ಅನ್‌ಟಿಲ್. “ಬೈ ಅಂದ್ರ ಮುಗಿಸಿ ಕೊಡೂದು, ಅನ್‌ಟಿಲ್ ಅಂದ್ರ ಕಾಕೊಂತ ಕೂಡೂದು. ಹೌದಿಲ್ಲ?” ಹೌದು ಅಂದೆ.

ದಸರೆ ಮುಗಿದ ಮೇಲೊಂದು ಸೋಮವಾರ ಜಮಖಂಡಿಯ ಹೈಸ್ಕೂಲೊಂದರಲ್ಲಿ ಖಾಸಗಿ ಅಭ್ಯರ್ಥಿಯ ಫಾರಂ ಕೇಳಿ ತಂದೆ. ಅಲ್ಲಿನ ಗುಮಾಸ್ತರು ವಯಸ್ಸಾದವರು, ಸಮಾಧಾನಿ. “ಎಂಟ ದಿನದೊಳಗ ತಂದ ಕೊಡವಾ, ಆಮ್ಯಾಲ ಎಲ್ಲಾ ಗಂಟ ಕಟ್ಟಿ ಬೋರ್ಡಿಗೆ ಕಳಿಸಿಬಿಡ್ತೇವಿ” ಅಂದರು. ಹಳೆಯ ಮಾರ್ಕ್ಸ್ ಕಾರ್ಡು ವೈನಿಯ ತವರಿನಲ್ಲಿತ್ತು. ಅಣ್ಣ ಮುಧೋಳಕ್ಕೆ ಹೋಗಿ ಶನಿವಾರ ತಂದ. ರವಿವಾರ ಇಬ್ಬರೂ ಕೂತು ಫಾರಂ ತುಂಬಿದೆವು. ಜಿಲ್ಲೆ ಅನ್ನುವಲ್ಲಿ ವೈನಿ ಬಿಜಾಪುರ ಅಂತ ಬರೆದು, ನಾಲಿಗೆ ಕಚ್ಚಿಕೊಂಡು, ಹೊಡೆದುಹಾಕಿ ಬಾಗಲಕೋಟೆ ಅಂತ ಬರೆದಳು. ಫೋಟೋಕ್ಕೆ ಅನ್ನದ ಅಗುಳು ಹಚ್ಚಿ ಅಂಟಿಸಿ, ಅದರ ಮೇಲೆ ಬೆರಳಿಟ್ಟು ಬಹಳ ಹೊತ್ತು ಒತ್ತಿ ಹಿಡಿದಿದ್ದಳು.

ಸೋಮವಾರ ಮುಂಜಾನೆ ಫಾರಂ ನನ್ನ ಚೀಲದಲ್ಲಿಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ತಾನೇ ಪರೀಕ್ಷೆಗೆ ಹೊರಟವಳ ಹಾಗೆ ಬಾಗಿಲಲ್ಲಿ ನಿಂತಳು. “ಇವತ್ತ ಕೊಡಬೇಕಲ್ಲ? ಎಂಟ ದಿನ ಆತು.”

ನನಗೆ ಅವತ್ತು ಬೇರೆಯೇ ಬೇತು ಇತ್ತು. ನನ್ನ ಕ್ಲಾಸಿನ ಗೆಳತಿಯೊಬ್ಬಳ ಊರು ಬೀಳಗಿ ತಾಲೂಕಿನಲ್ಲಿ, ಹೊಳೆಯ ದಂಡೆಗೆ. ಆಣೆಕಟ್ಟಿನ ಹಿನ್ನೀರು ಆ ವರ್ಷ ಅವರ ಊರೊಳಗೆ ಬಂದಿತ್ತು. ಮಂದಿಯೆಲ್ಲ ಮೇಲಿನ ಹೊಸ ಊರಿಗೆ ಹೋಗಿದ್ದರು. “ನಮ್ಮ ಮನಿ ಗ್ವಾಡಿ ಇನ್ನೂ ನಿಂತೈತಿ, ಬೀಳೂಕಿಂತ ಮೊದಲ ನೋಡ್ಕೊಂಡ ಬರೂಣು” ಅಂದಿದ್ದಳು. ನಾವು ನಾಲ್ವರು ಎಂಟಕ್ಕೇ ಜಮಖಂಡಿಯಿಂದ ಬೀಳಗಿ ಬಸ್ಸು ಹಿಡಿಯುವವರು. ಹೈಸ್ಕೂಲಿನ ಆಫೀಸು ತೆರೆಯುವುದು ಹತ್ತೂವರೆಗೆ. ಮನೆಯಲ್ಲಿ ಇದನ್ನು ಹೇಳುವ ಹಾಗೇ ಇರಲಿಲ್ಲ. “ಕಾಲೇಜ ಬಿಟ್ಟು ಬ್ಯಾರೆ ಕಡೆ ಕಾಲಿಟ್ಟಿ ಅಂತ ತಿಳೀತಂದ್ರ ಮರುದಿನಾನ ರಾಟಿ ಮುಂದ ಕೂಡಸ್ತೇನಿ” ಅಂತ ಅವ್ವ ಮೊದಲ ದಿನವೇ ಕರಾರು ಮಾಡಿದ್ದಳು, ಅವ್ವ ಆಡಿದ್ದನ್ನು ಮಾಡುವವಳು.

ಹಾಗಾಗಿ ನಾನು ಬಾಗಿಲಲ್ಲೇ ಪಾಠ ಮಾಡಿದೆ. “ಎಂಟ ದಿನದೊಳಗ ಅಂದ್ರ ವಿದಿನ್ ಏಟ್ ಡೇಸ್. ಹೋದ ಸ್ವಾಮಾರದಿಂದ ಎಣಸು. ಒಂದ ದಿನ ಆಗೂದು ಮಂಗಳವಾರಕ್ಕ. ಎಂಟ ಆಗೂದು ನಾಳಿಗೆ.”

“ಎಂಟ ದಿನ ಅಂದ್ರ ಸ್ವಾಮಾರದಿಂದ ಸ್ವಾಮಾರಲಾ? ಸಾವಕಾರ್ರು ಹಂಗ ಹಿಡೀತಾರ.”

“ಸಾವಕಾರ್ರಿಗೆ ಇಂಗ್ಲಿಷ್ ಬರ್ತೈತೇನ? ಲೆಕ್ಕ ನನಗ ಹೇಳಬ್ಯಾಡ.”

ಅವಳು ಚೀಲ ಎತ್ತಿ ನನ್ನ ಹೆಗಲಿಗೆ ಹಾಕಿದಳು. ನಮ್ಮ ಕಡೆ ಹುಟ್ಟಿದ ಸಣ್ಣ ಕೂಸಿಗೂ ಇದು ಗೊತ್ತಿರುತ್ತದೆ. ವಾರ ಅಂದರೆ ಎಂಟು ದಿನ, ಎರಡು ವಾರ ಅಂದರೆ ಹದಿನೈದು ದಿನ. ಮಾತು ಆಡಿದ ದಿನವನ್ನೂ ಸೇರಿಸಿಯೇ ಎಣಿಸುವುದು. ಹೆಣ್ಣು ನೋಡಲು ಬಂದವರು ಎಂಟು ದಿನಕ್ಕೆ ಹೇಳಿ ಕಳಿಸುತ್ತೇವೆ ಅಂದರೆ ಮುಂದೆ ಅದೇ ವಾರ ತಿರುಗಿ ಬರುವ ಹೊತ್ತಿಗೆ ಮಾತು ಬರುತ್ತದೆ. ಇಪ್ಪತ್ತು ವರ್ಷ ಇದರಲ್ಲೇ ಬೆಳೆದ ನಾನು, ಎರಡು ವರ್ಷದ ಇಂಗ್ಲಿಷಿನ ಸೊಕ್ಕಿಗೆ ಅದನ್ನು ಮರೆತೆನೋ, ಹೊಳೆ ನೋಡುವ ಆಸೆಗೆ ಮರೆತ ಹಾಗೆ ಮಾಡಿದೆನೋ! ಖರೆ ಹೇಳಬೇಕೆಂದರೆ, ಎರಡನೆಯದೇ.

ನೀರು ನೋಡಿದೆ. ಕಣ್ಣು ಮುಟ್ಟುವಷ್ಟು ದೂರ ನೀರು, ನಡುವೆ ಗೆಳತಿಯ ಮನೆಯ ಬಾಗಿಲಿನ ಚೌಕಟ್ಟು. ಅವಳ ಅಜ್ಜನಿಗೆ ಇಂಥ ದಿನದೊಳಗೆ ಖಾಲಿ ಮಾಡಿ ಅಂತ ನೋಟೀಸು ಬಂದಿತ್ತಂತೆ, ಅಜ್ಜ ನೀರು ಹೊಸ್ತಿಲಿಗೆ ಬರುವ ತನಕ ಕಟ್ಟೆಯ ಮೇಲೇ ಕೂತಿದ್ದನಂತೆ. ಗೆಳತಿ ಅತ್ತಳು, ನಾವೂ ಅತ್ತೆವು, ಆಮೇಲೆ ಚುರುಮುರಿ ತಿಂದೆವು. ಎರೆಮಣ್ಣಿನ ಕೆಸರಿನಲ್ಲಿ ಚಪ್ಪಲಿ ಹೂತು ಹೋಗಿತ್ತು. ಸಂಜೆ ಜಮಖಂಡಿ ಬಸ್‌ಸ್ಟ್ಯಾಂಡಿನ ನಲ್ಲಿಯಲ್ಲಿ ಚಪ್ಪಲಿಯನ್ನು ತಿಕ್ಕಿ ತಿಕ್ಕಿ ತೊಳೆದು, ಏನೂ ಅರಿಯದವಳ ಹಾಗೆ ಮನೆಗೆ ಬಂದೆ.

ಮಂಗಳವಾರ ಹೈಸ್ಕೂಲಿಗೆ ಹೋದರೆ ಗುಮಾಸ್ತರ ಮೇಜು ಖಾಲಿ. “ಮುಂಜಾನಿ ಬಸ್ಸಿಗೆ ಗಂಟ ಹೋತಲ್ಲವಾ. ನಿನ್ನಿ ಸಂಜಿತನಕ ನಿನ್ನ ಹಾದಿ ನೋಡಿದೆ. ಎಂಟ ದಿನ ಅಂದಿದ್ನೆಲ್ಲ?” ಅಂದರು. ಬೇರೆ ದಾರಿ ಇದೆಯೇ ಅಂತ ಕೇಳಿದೆ. ಅವರು ತಲೆಯಾಡಿಸಿ, ಬರುವ ವರ್ಷ ಅಂದರು.

ಮನೆಗೆ ಬಂದಾಗ ಕರೆಂಟ್ ಇತ್ತು. ಮಗ್ಗಗಳ ಆ ಗದ್ದಲದಲ್ಲಿ ನಾನು ಬಾಯಿ ಬಿಡುವ ಮೊದಲೇ ವೈನಿ ನನ್ನ ಮುಖ ನೋಡಿ ತಿಳಿದುಕೊಂಡಳು. ಕೈಯಲ್ಲಿದ್ದ ಎಳೆ ಹರಿಯಿತು. ಅವಳು ಅದನ್ನು ಕೂಡಿಸಲು ನೋಡಿದಳು, ಕೂಡಲಿಲ್ಲ. ನಾನು ಅವಳ ಪಕ್ಕ ಕೂತು ಬೀಳಗಿಗೆ ಹೋದದ್ದನ್ನೂ ಕಿವಿಯಲ್ಲಿ ಹೇಳಿದೆ. ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟು ಛಲೋ ಆಗುತ್ತಿತ್ತು.

ರಾತ್ರಿ ಊಟಕ್ಕೆ ಕೂತಾಗ ಅವ್ವ ನನ್ನನ್ನು ಕೇಳಿದಳು: “ಫಾರಂ ಕೊಟ್ಟಿ ಏನ ಬೇ?” ನಾನು ನೀರಿನ ತಂಬಿಗೆಗೆ ಕೈ ಹಾಕಿದೆ. ಅಷ್ಟರಲ್ಲಿ ವೈನಿ ಪಲ್ಯ ಬಡಿಸುತ್ತಲೇ ಹೇಳಿದಳು: “ನಾನ ಬ್ಯಾಡ ಅಂದೆರಿ ಅತ್ತಿ. ಯಾಕೋ ಧೈರ್ಯ ಸಾಲಲಿಲ್ಲ.” ಅವ್ವ ಅವಳನ್ನು ನೋಡಿದಳು, ನನ್ನನ್ನು ನೋಡಿದಳು. “ಕುಣೀಲಾರದಾಕಿ ಅಂಗಳ ಡೊಂಕ ಅಂದ್ಲಂತ” ಅಂದು ಮಜ್ಜಿಗೆ ಕುಡಿದು ಎದ್ದಳು. ನನ್ನ ಕಾಲೇಜು ಉಳಿಯಿತು. ನಾನು ತಲೆ ತಗ್ಗಿಸಿ ಉಂಡೆ. ಉಂಡೆ ಅನ್ನುವುದೇ ಇವತ್ತಿಗೂ ನನಗೆ ನಾಚಿಕೆ.

ಮರುವರ್ಷ ಪರೀಕ್ಷೆಯ ಹೊತ್ತಿಗೆ ವೈನಿಗೆ ದಿನ ತುಂಬಿದ್ದವು. ಮಗಳು ಹುಟ್ಟಿದಳು. ಅದರ ಮುಂದಿನ ವರ್ಷ ಅವಳು ತಾನೇ ಜಮಖಂಡಿಗೆ ಹೋಗಿ ಫಾರಂ ಕೊಟ್ಟು ಬಂದಳು, ನನ್ನ ಕೈಗೆ ಕೊಡಲಿಲ್ಲ. ಇಂಗ್ಲಿಷ್ ಪಾಸಾದಳು. ಅಷ್ಟರಲ್ಲಿ ಅಂಗನವಾಡಿಯ ಜಾಗ ನಮ್ಮ ಓಣಿಯದೇ ಇನ್ನೊಂದು ಮನೆಯ ಸೊಸೆಗೆ ಹೋಗಿತ್ತು. ವೈನಿ ತನ್ನ ಮಗಳ ಕೈ ಹಿಡಿದು ದಿನಾ ಆ ಅಂಗನವಾಡಿಗೇ ಬಿಟ್ಟು ಬರುತ್ತಿದ್ದಳು. ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು, ಒಳಗೆ ಹುಡುಗರು ಪದ್ಯ ಹೇಳುವುದನ್ನು ಕೇಳಿ, ಮನೆಗೆ ಬಂದು ರಾಟಿಯ ಮುಂದೆ ಕೂಡುತ್ತಿದ್ದಳು. ರಜೆಗೆ ಬಂದಾಗ ನಾನು ಇದನ್ನು ನೋಡಿದ್ದೇನೆ.

ನಾನು ಓದಿದೆ, ನೌಕರಿ ಹಿಡಿದೆ, ಮುಧೋಳದಲ್ಲಿ ಮನೆ ಮಾಡಿದೆ. ಅವ್ವ ಮಾತ್ರ ಆ ಮಾತು ಬಿಡಲಿಲ್ಲ. ಹಬ್ಬಕ್ಕೆ, ಸೀಮಂತಕ್ಕೆ, ಯಾರು ಬಂದರೂ ಸರಿ, ನಾನು ಎದುರಿಗಿದ್ದರೆ ಸಾಕು, ಶುರು ಮಾಡುವಳು: “ನಮ್ಮ ಸೊಸಿಗೆ ಮಗಳ ಇಂಗ್ಲಿಷ್ ಕಲಿಸಿದ್ಲು. ಫಾರಂ ತುಂಬೂದ್ರಾಗ ಎದಿ ಒಡಕೊಂಡ್ಲು ನೋಡ್ರಿ, ಪುಕ್ಕಲಿ!” ಬಂದವರು ನಗುವರು. ವೈನಿಯೂ ನಗುವಳು. ನಾನು ಚಹಾ ಕಪ್ಪು ತೆಗೆದುಕೊಂಡು ಒಳಗೆ ಹೋಗುವೆ. ಪ್ರತಿ ಸಲವೂ ಮುಂದಿನ ಸಲ ಹೇಳುತ್ತೇನೆ ಅಂದುಕೊಳ್ಳುವೆ.

ಆ ಮುಂದಿನ ಸಲ ಬರಲು ಹದಿನಾರು ವರ್ಷ ಬೇಕಾಯಿತು. ವೈನಿಯ ಮಗಳು ಎಸ್ಸೆಸ್ಸೆಲ್ಸಿ ಪಾಸಾದ ದಿನ ನಾನು ಪೇಢೆ ತೆಗೆದುಕೊಂಡು ರಬಕವಿಗೆ ಹೋದೆ. ಅಪ್ಪ ಹೋಗಿ ಆಗಲೇ ಐದು ವರ್ಷ. ಅವರ ಕುಣಿಮಗ್ಗದಲ್ಲಿ ಈಗ ವೈನಿ ಕೂಡುತ್ತಿದ್ದಳು. ಓಣಿಯ ಹೆಂಗಸರು ನಾಲ್ಕೈದು ಮಂದಿ ಪಡಸಾಲೆಯಲ್ಲಿದ್ದರು. ಕರೆಂಟ್ ಹೋಯಿತು, ಮಗ್ಗಗಳು ನಿಂತವು. ಅವ್ವ ಹಲ್ಲಿಲ್ಲದ ಬಾಯಿಗೆ ಪೇಢೆ ಹಾಕಿಕೊಂಡು ಹೇಳಿದಳು: “ಮೊಮ್ಮಗಳ ಗಟ್ಟಿ ಅದಾಳ. ತಾಯಿಗತೆ ಪುಕ್ಕಲಿ ಅಲ್ಲ.”

“ಅವ್ವಾ, ಸಾಕು!” ಅಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿತು. “ವೈನಿ ಅಂಜಿರಲಿಲ್ಲ. ಫಾರಂ ನಾ ಒಂದ ದಿನ ತಡಾ ಒಯ್ದೆ. ಆ ಸ್ವಾಮಾರ ನಾ ಕಾಲೇಜಿಗೆ ಹೋಗಿರಲಿಲ್ಲ, ಬೀಳಗಿ ಕಡೆ ನೀರ ನೋಡಾಕ ಹೋಗಿದ್ದೆ. ನನ್ನ ಸಾಲಿ ಬಿಡಸ್ತಿ ಅಂತ ಆಕಿ ಸುಳ್ಳ ಹೇಳಿದ್ಲು. ಆಕಿ ನೌಕರಿ ಕಳದಾಕಿ ನಾನು.”

ಅವ್ವ ಬಾಯಲ್ಲಿದ್ದ ಪೇಢೆಯನ್ನು ನಿಧಾನವಾಗಿ ಮುಗಿಸಿದಳು.

“ಅದನ್ನ ನನಗ ಹೇಳ್ತಿ ಏನ?” ಅಂದಳು. “ಆ ಸ್ವಾಮಾರ ಸಂಜಿಕ ನೀ ಚಪ್ಪಲಿ ತೊಳಕೊಂಡ ಬಂದಿದ್ದಿ. ಕಾಲೇಜಿಗೆ ಹೋದಾಕಿ ಚಪ್ಪಲಿ ಯಾಕ ತೊಳೀತಾಳ? ಪಟ್ಟಿ ಸಂದ್ಯಾಗ ಎರಿಮಣ್ಣ ಇನ್ನೂ ಹಸಿ ಇತ್ತು.”

“ಗೊತ್ತಿತ್ತು? ಮತ್ತ ಅವತ್ತ ಯಾಕ ಬೈಲಿಲ್ಲ?”

“ಆಕಿ ತನ್ನ ಕಳಕೊಂಡು ನಿನ್ನ ಸಾಲಿ ಉಳಿಸಿದ್ಲು. ಆಕಿ ಉಳಿಸಿದ್ದನ್ನ ನಾ ಯಾಕ ಕೆಡಸ್ಲಿ?”

“ಹಂಗಾದ್ರ ಇಷ್ಟ ವರ್ಷ ಆಕಿನ್ನ ಪುಕ್ಕಲಿ ಅಂದದ್ದು?”

“ಆಕಿಗೆ ಅಂದಿದ್ದಿಲ್ಲ ಬೇ, ನಿನಗ ಅಂದಿದ್ದೆ” ಅಂದಳು ಅವ್ವ. “ನೀ ಎಂದ ಬಾಯಿ ಬಿಡ್ತಿ ಅಂತ ಹಾದಿ ಕಾದೆ. ಆಕಿಗೂ ಗೊತ್ತೈತಿ, ಅದಕ್ಕ ನಗತಿದ್ಲು. ಕಾದು ಕಾದು ನನ್ನ ಹಲ್ಲ ಬಿದ್ದುವು.”

ನಾನು ವೈನಿಯ ಕಡೆ ತಿರುಗಿದೆ. ಅವಳು ಬಾಗಿಲ ಬೆಳಕಿಗೆ ರಾಟಿ ಎಳೆದುಕೊಂಡು ಕೂತಿದ್ದಳು, ಆಗಿನ ಹಾಗೆಯೇ. ಕಣ್ಣು ತುಂಬಿದ್ದವು, ತುಟಿಯಲ್ಲಿ ಅದೇ ಕಳ್ಳ ನಗು.

“ಅಕ್ಕೋರ,” ಅಂದಳು, “ಎಂಟ ದಿನ ಮುಗದುವೇನ್ರಿ?”

ಅಷ್ಟರಲ್ಲಿ ಕರೆಂಟ್ ಬಂತು. ನಾಲ್ಕೂ ಮಗ್ಗ ಒಮ್ಮೆಲೇ ಬಡಿಯತೊಡಗಿದವು. ನಾನು ಸಣ್ಣ ಹುಡುಗಿಯ ಹಾಗೆ ಬಾಯಿಬಿಟ್ಟು ಅತ್ತೆ, ಆ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ವೈನಿ ಮುಖ ನೋಡಿ ತಿಳಿದುಕೊಂಡಳು. ಕಂಡಿಕೆಯ ಬುಟ್ಟಿಯನ್ನು ಆಚೆ ಸರಿಸಿ, ತನ್ನ ಪಕ್ಕ ನನಗೆ ಕೂಡಲು ಜಾಗ ಮಾಡಿದಳು.